ಹಳ್ಳದ ಕರೆಂಟು, ಬಚ್ಚಲ ನೀರು: ಶಿರಸಿ ಕಡೆಯ ಒಂದು ಒಂಟಿಮನೆಯ ಪ್ರಕರಣ

ಶಿರಸಿಯಿಂದ ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟಕ್ಕಿಂತ ಸ್ವಲ್ಪ ಮೊದಲು ಒಂದು ಮಣ್ಣಿನ ರಸ್ತೆ ಒಡೆಯುತ್ತದೆ. ಅದರಲ್ಲಿ ಮೂರು ಕಿಲೋಮೀಟರ್ ಒಳಗೆ ನನ್ನ ಅಕ್ಕನ ಮನೆ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಮನೆ. ಅಕ್ಕ, ಭಾವ, ಭಾವನ ಆಯಿ, ಮೂರೇ ಜನ. ಮಗ ಬೆಂಗಳೂರಲ್ಲಿ.

ಆ ಮನೆಗೆ ಕರೆಂಟಿನ ಲೈನು ಬಂದಿಲ್ಲ. ಇದೇ ಜಿಲ್ಲೆಯ ಕೈಗಾದಲ್ಲಿ 220 ಮೆಗಾವಾಟಿನ 4 ಘಟಕಗಳಿವೆ, ಕಾಳಿ ನದಿಗೆ ಸಾಲು ಅಣೆಕಟ್ಟುಗಳಿವೆ. ಆದರೂ ಒಂದು ಮನೆಗೋಸ್ಕರ ಕಾಡೊಳಗೆ ಅಷ್ಟು ದೂರ ಕಂಬ ಹುಗಿಯುವ ಕೆಲಸ ಆಗಲೇ ಇಲ್ಲ. ಅವರು ಕಾಯುತ್ತ ಕೂರಲಿಲ್ಲ. ಬೆಟ್ಟದ ಮೇಲಿಂದ ಬರುವ ಅಬ್ಬಿ ನೀರಿಗೆ 4 ಇಂಚಿನ ಪೈಪು ಹಾಕಿ, ಕೊಟ್ಟಿಗೆ ಹಿಂದೆ ಒಂದು ಸಣ್ಣ ಟರ್ಬೈನ್ ಕೂರಿಸಿಕೊಂಡರು. ಮಾಡಿನ ಮೇಲೆ 250 ವಾಟಿನ 4 ಸೋಲಾರ್ ಪ್ಯಾನೆಲ್. ಒಳಗೆ 150 ಆಂಪ್-ಅವರಿನ ಎರಡು ಟ್ಯೂಬುಲರ್ ಬ್ಯಾಟರಿ, ಸೇರಿ 24 ವೋಲ್ಟ್. ದೀಪ, ಮಿಕ್ಸರ್, ಟಿ.ವಿ., ಒಂದು ಚಿಕ್ಕ ಫ್ರಿಜ್ಜು, ಎಲ್ಲ ಅದರಲ್ಲೇ ನಡೆಯುತ್ತದೆ. ದಿನಕ್ಕೆ ಒಂದೂವರೆ ಯೂನಿಟ್ ಸಾಕು.

ಸ್ನಾನದ ನೀರಿಗೆ ಮಾತ್ರ ಬಚ್ಚಲೊಲೆಯೇ ಆಗಬೇಕಿತ್ತು.

ನಮ್ಮ ಕಡೆ ಬಚ್ಚಲೊಲೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಗೋಡೆಗೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಒಲೆ, ಬೆಳಗ್ಗೆ ಐದಕ್ಕೆ ಬೆಂಕಿ. ಬೇಸಿಗೆಯಲ್ಲಿ ಅಡಿಕೆ ಹಾಳೆ, ತೆಂಗಿನ ಮಡಲು, ಒಣಗಿದ ಕುಂಟೆ, ಏನು ಹಾಕಿದರೂ ಉರಿಯುತ್ತದೆ. ಮಳೆಗಾಲದಲ್ಲಿ ಹಾಗಲ್ಲ. ಸೌದೆ ಹಸಿ, ಹಾಳೆ ಹಸಿ, ಮನೆ ತುಂಬ ಹೊಗೆ. ಆಯಿಗೆ ಎಂಬತ್ತು ದಾಟಿದೆ. ಜೂನ್ ಬಂತೆಂದರೆ ಕೆಮ್ಮು ಶುರುವಾಗಿ ಗಣಪತಿ ಹಬ್ಬದವರೆಗೂ ಬಿಡುತ್ತಿರಲಿಲ್ಲ. ಭಾವನಿಗೆ ಸೊಂಟ ನೋವು, ಸೌದೆ ಒಡೆಯುವ ಹಾಗಿಲ್ಲ. ಕೆಲಸಕ್ಕೆ ಜನ ಸಿಗುವುದಿಲ್ಲ. ಸ್ನಾನದ ನೀರು ಕಾಯಿಸುವುದು ಆ ಮನೆಯಲ್ಲಿ ದಿನಾ ಬೆಳಗಿನ ದೊಡ್ಡ ಕಷ್ಟವಾಗಿತ್ತು. ನಾನು ಶಿರಸಿಯಲ್ಲಿ ಸೋಲಾರ್ ಮತ್ತು ಬ್ಯಾಟರಿ ಕೆಲಸ ಮಾಡುವವನು. ನನ್ನ ಅಕ್ಕನ ಮನೆಯಲ್ಲೇ ಹೀಗಿದೆಯಲ್ಲ ಅನ್ನುವುದು ನನಗೆ ಬಹಳ ಕಾಡುತ್ತಿತ್ತು.

ಮೊದಲ ಪ್ರಯತ್ನ ಅಳಿಯನದು, ಅಂದರೆ ಅಕ್ಕನ ಮಗನದು. ರಜೆಗೆ ಬಂದಾಗ ಪೇಟೆಯಿಂದ 1500 ವಾಟಿನ ಕಾಯಿಸುವ ರಾಡ್ ತಂದು, ಅದರ ಎರಡು ತಂತಿಗಳನ್ನು ನೇರ ಬ್ಯಾಟರಿಗೆ ಸೇರಿಸಿದ. ಬಕೆಟ್ಟಿನಲ್ಲಿ ಇಳಿಬಿಟ್ಟು ಒಂದು ಗಂಟೆ ಕಾದ. ಆಯಿ ಕೈ ಅದ್ದಿ ನೋಡಿ ಹೇಳಿದರು: "ಮಾಣಿ, ಉಗುರು ಬೆಚ್ಚಗೂ ಆಜಿಲ್ಲೆ."

ಆಗುವುದೂ ಇಲ್ಲ. ಇದು ಜಾಸ್ತಿ ಜನ ಮಾಡುವ ತಪ್ಪು, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. ರಾಡಿನ ಮೇಲೆ 1500 ವಾಟ್ ಅಂತ ಬರೆದಿರುವುದು 230 ವೋಲ್ಟಿಗೆ. ಒಳಗಿರುವ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು 35 ಓಮ್. ಅದಕ್ಕೆ 24 ವೋಲ್ಟ್ ಕೊಟ್ಟರೆ ಒಂದು ಆಂಪ್ ಕೂಡ ಹರಿಯುವುದಿಲ್ಲ. ವೋಲ್ಟೇಜು ಹತ್ತರಲ್ಲಿ ಒಂದು ಪಾಲಾದರೆ ವಾಟು ನೂರರಲ್ಲಿ ಒಂದು ಪಾಲು ಆಗುತ್ತದೆ. ಅಳಿಯನ ರಾಡು ಅವತ್ತು ಬರೀ 16 ವಾಟ್ ಎಳೆಯುತ್ತಿತ್ತು. 15 ಲೀಟರಿನ ಬಕೆಟ್ಟಿಗೆ ಗಂಟೆಗೆ ಒಂದು ಡಿಗ್ರಿಯೂ ಏರದಷ್ಟು. ಕಡಿಮೆ ವೋಲ್ಟಿಗೆ ಅದಕ್ಕೆಂದೇ ಮಾಡಿದ ಕಾಯಿಸುವ ಎಲಿಮೆಂಟ್ ಬೇಕು, ರೆಸಿಸ್ಟೆನ್ಸ್ ಒಂದು ಓಮಿನ ಆಸುಪಾಸು ಇರಬೇಕು.

ಎರಡನೇ ಪ್ರಯತ್ನ ನನ್ನದು, ಮತ್ತು ಅದೂ ತಪ್ಪೇ. ಅದೇ ರಾಡನ್ನು ಬ್ಯಾಟರಿಯ 24 ವೋಲ್ಟನ್ನು 230 ಮಾಡುವ ಇನ್ವರ್ಟರಿಗೆ ಹಾಕಿದೆ. ನೀರೇನೋ ಬಿಸಿಯಾಯಿತು. ಇಪ್ಪತ್ತು ನಿಮಿಷಕ್ಕೆ ಒಂದು ಬಕೆಟ್ಟು. ಎಲ್ಲರಿಗೂ ಖುಷಿ. ಆದರೆ 1500 ವಾಟ್ ಕೊಡಬೇಕಾದರೆ 24 ವೋಲ್ಟಿನ ಬ್ಯಾಟರಿಯಿಂದ ಸುಮಾರು 70 ಆಂಪ್ ಎಳೆಯಬೇಕು. ಬ್ಯಾಟರಿ ಮೇಲಿನ 150 ಆಂಪ್-ಅವರ್ ಅನ್ನುವುದು 15 ಆಂಪಿನಂತೆ ನಿಧಾನಕ್ಕೆ 10 ಗಂಟೆ ಎಳೆದಾಗಿನ ಲೆಕ್ಕ. 70 ಆಂಪ್ ಎಳೆದರೆ ಅಷ್ಟು ಸಿಗುವುದಿಲ್ಲ, ದಿನಾ ಹಾಗೆ ಎಳೆದರೆ ಪ್ಲೇಟುಗಳೂ ತಾಳುವುದಿಲ್ಲ. ಮೂರನೇ ಬಕೆಟ್ಟಿನ ಹೊತ್ತಿಗೆ ಇನ್ವರ್ಟರು ಕೂಗಿಕೊಂಡು ಬಂದ್ ಆಗುತ್ತಿತ್ತು. ಆ ವರ್ಷ ದೀಪಾವಳಿಗೆ ಹೋದಾಗ, ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿಯಿದೆ ಅಂತ ತೋರಿಸುವ ಹೈಡ್ರೋಮೀಟರ್ ಹಾಕಿ ನೋಡಿದೆ. ಒಂದು ಬ್ಯಾಟರಿಯ ಆರು ಸೆಲ್ಲುಗಳಲ್ಲಿ ನಾಲ್ಕು 1240 ತೋರಿಸಿದವು, ಎರಡು 1180 ದಾಟಲೇ ಇಲ್ಲ. ಇನ್ನೂ ಮೂರ್ನಾಲ್ಕು ವರ್ಷ ಬಾಳಬೇಕಿದ್ದ ಬ್ಯಾಟರಿ ಅದು. ಅಕ್ಕನ ದುಡ್ಡು ಹಾಳು ಮಾಡಿದೆನಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಗ್ಗೆ ಕೊಟ್ಟಿಗೆ ಹಿಂದೆ ಹೋದಾಗ ದಾರಿ ಕಂಡಿತು. ಬ್ಯಾಟರಿ ಕೋಣೆಯ ಹೊರಗೋಡೆಗೆ ಒಂದು ತಗಡಿನ ಡಬ್ಬಿ ಇದೆ. ಅದರ ಪಕ್ಕ ಬೆಕ್ಕು ಮುದುರಿ ಮಲಗಿತ್ತು. ಡಬ್ಬಿ ಮುಟ್ಟಿದೆ, ಕೈ ಇಡಲಾಗದಷ್ಟು ಬಿಸಿ.

ಆ ಡಬ್ಬಿ ಯಾಕಿದೆ ಅಂತ ಸ್ವಲ್ಪ ಹೇಳಬೇಕು. ಸೋಲಾರ್ ಪ್ಯಾನೆಲ್ಲಿನ ತಂತಿ ಬಿಚ್ಚಿಟ್ಟರೆ ಏನೂ ಆಗುವುದಿಲ್ಲ, ಅದು ಸುಮ್ನೆ ಬಿಸಿಲಲ್ಲಿ ಕೂತಿರುತ್ತದೆ. ಟರ್ಬೈನ್ ಹಾಗಲ್ಲ. ನೀರು ಚಕ್ರಕ್ಕೆ ಹೊಡೆಯುತ್ತಲೇ ಇರುತ್ತದೆ. ಎಳೆಯುವವರು ಯಾರೂ ಇಲ್ಲದಿದ್ದರೆ ಚಕ್ರ ಹುಚ್ಚು ವೇಗಕ್ಕೆ ಹೋಗುತ್ತದೆ, ವೋಲ್ಟೇಜು ಏರುತ್ತದೆ. ಬ್ಯಾಟರಿ ತುಂಬಿದ ಮೇಲೂ ಅದರ ಶಕ್ತಿಗೆ ಒಂದು ದಾರಿ ತೋರಿಸಲೇಬೇಕು. ಆ ದಾರಿಯೇ ಈ ಡಬ್ಬಿ. ಒಳಗೆ ರೆಸಿಸ್ಟೆನ್ಸ್ ತಂತಿಯ ಸುರುಳಿ. ಬ್ಯಾಟರಿ ತುಂಬಿದ ಕೂಡಲೇ ಕಂಟ್ರೋಲರು ಹೆಚ್ಚಾದ ಕರೆಂಟನ್ನು ಅಲ್ಲಿಗೆ ತಿರುಗಿಸಿ ಗಾಳಿಗೆ ಬಿಡುತ್ತದೆ.

ಅಲ್ಲೇ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಮಳೆಗಾಲದಲ್ಲಿ ಪೈಪಿನಲ್ಲಿ ಸೆಕೆಂಡಿಗೆ 4 ಲೀಟರ್ ನೀರು, 22 ಮೀಟರ್ ಎತ್ತರದಿಂದ. ನಾಲ್ಕನ್ನು ಇಪ್ಪತ್ತೆರಡರಿಂದ ಗುಣಿಸಿ, ಮತ್ತೆ 9.81ರಿಂದ ಗುಣಿಸಿದರೆ 863 ವಾಟ್. ಪೈಪು, ಚಕ್ರ, ಕರೆಂಟು ಹುಟ್ಟಿಸುವ ಆಲ್ಟರ್ನೇಟರು ಎಲ್ಲ ತಮ್ಮ ಪಾಲು ತಿಂದು ಕೈಗೆ ಸಿಗುವುದು ಸುಮಾರು 400. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಹಳ್ಳಕ್ಕೆ ರಾತ್ರಿ ಅನ್ನುವುದಿಲ್ಲ. 24 ಗಂಟೆಗೆ 9.6 ಯೂನಿಟ್. ಮನೆಗೆ ಬೇಕಾದ ಒಂದೂವರೆ ಕಳೆದರೆ 8 ಯೂನಿಟ್ ಬೆಕ್ಕಿನ ಪಕ್ಕ ಗಾಳಿಗೆ ಹೋಗುತ್ತಿದೆ. ಅದೇ ಗೋಡೆಯ ಈಚೆ ಕಡೆ ನಾನು ಬ್ಯಾಟರಿ ಸಾಯಿಸಿ ನೀರು ಕಾಯಿಸುತ್ತಿದ್ದೆ.

ನೀರು ಕಾಯಿಸುವ ಕೆಲಸಕ್ಕೆ ನಾನು ನೆನಪಿಟ್ಟುಕೊಂಡಿರುವ ಒಂದೇ ಅಂಕಿ 860. ಒಂದು ಯೂನಿಟ್ ಕರೆಂಟು 860 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸುತ್ತದೆ. ಅಥವಾ 86 ಲೀಟರನ್ನು 10 ಡಿಗ್ರಿ. ಎಂಟು ಯೂನಿಟ್ ಇದ್ದರೆ 200 ಲೀಟರನ್ನು 34 ಡಿಗ್ರಿ. ಮಳೆಗಾಲದ ಅಬ್ಬಿ ನೀರು 22 ಡಿಗ್ರಿ ಇತ್ತು. ಅಂದರೆ 56. ಮೂವರ ಸ್ನಾನಕ್ಕೆ 42 ಡಿಗ್ರಿಯ ನೀರು ತಲೆಗೆ 30 ಲೀಟರಿನಂತೆ ಹಾಕಿದರೂ ಬೇಕಾಗುವುದು ಎರಡು ಯೂನಿಟ್ ಚಿಲ್ಲರೆ. ಬಿಸಿನೀರು ಅವರ ಮನೆ ಹಿಂದೆಯೇ ಇತ್ತು. ಅದನ್ನು ನಿಧಾನಕ್ಕೆ, ಇಡೀ ದಿನ, ಶಾಖ ಬಿಡದ ಒಂದು ಟ್ಯಾಂಕಿಗೆ ತುಂಬಿಸಿಕೊಳ್ಳಬೇಕಿತ್ತು ಅಷ್ಟೇ.

ಟ್ಯಾಂಕ್ ಸಿಕ್ಕಿದ್ದು ಅದೃಷ್ಟ. ಶಿರಸಿಯಲ್ಲಿ ಒಂದು ಹಳೆ ಮನೆ ಕೆಡವುತ್ತಿದ್ದರು, ಅಲ್ಲಿನ ಸೋಲಾರ್ ಹೀಟರಿನ ಗಾಜು ಒಡೆದಿತ್ತು, 200 ಲೀಟರಿನ ಟ್ಯಾಂಕ್ ಗಟ್ಟಿಯಿತ್ತು. ಒಳಗೆ ಸ್ಟೀಲು, ಸುತ್ತ ಎರಡು ಇಂಚಿನ ಫೋಮು. ಇಂಥ ಟ್ಯಾಂಕುಗಳಲ್ಲಿ ಮೋಡದ ದಿನಕ್ಕೆ ಬೇಕು ಅಂತ ಎಲಿಮೆಂಟ್ ಹಾಕುವ ತೂತು ಮೊದಲೇ ಇರುತ್ತದೆ. ಅದಕ್ಕೆ 24 ವೋಲ್ಟಿನ 600 ವಾಟ್ ಎಲಿಮೆಂಟ್ ತಿರುಗಿಸಿದೆ.

ಟರ್ಬೈನ್ 400 ವಾಟ್ ಆದರೆ ಎಲಿಮೆಂಟ್ ಯಾಕೆ 600? ಹೆಚ್ಚಾದದ್ದನ್ನೆಲ್ಲ ನುಂಗುವ ಎಲಿಮೆಂಟು ಯಾವಾಗಲೂ ಮೂಲಕ್ಕಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ಮಿಕ್ಕಿದ್ದು ಬ್ಯಾಟರಿಗೆ ನುಗ್ಗುತ್ತದೆ. ಎಷ್ಟು ಬೇಕೋ ಅಷ್ಟನ್ನೇ ಕಂಟ್ರೋಲರು ಸೆಕೆಂಡಿಗೆ ಹಲವು ಸಲ ಆನ್-ಆಫ್ ಮಾಡಿ ಕಳಿಸುತ್ತದೆ. ಇನ್ನೊಂದು ವಿಷಯ: ಬ್ಯಾಟರಿ ತುಂಬುವಾಗ ವೋಲ್ಟೇಜು 24 ಇರುವುದಿಲ್ಲ, 28 ದಾಟಿರುತ್ತದೆ. ಆಗ ಆ 600 ವಾಟಿನ ಎಲಿಮೆಂಟ್ 800 ವಾಟ್ ಆಗಿ 29 ಆಂಪ್ ಎಳೆಯುತ್ತದೆ. ತಂತಿ, ಫ್ಯೂಸು, ಕಂಟ್ರೋಲರು ಎಲ್ಲ ಈ 29ಕ್ಕೆ ತಕ್ಕ ಹಾಗಿರಬೇಕು. ಬ್ಯಾಟರಿ ಬುಡದಲ್ಲೇ 40 ಆಂಪಿನ ಡಿ.ಸಿ. ಫ್ಯೂಸು ಹಾಕಿದೆ.

ತಂತಿಯ ವಿಷಯದಲ್ಲಿ ಭಾವನಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಟ್ಯಾಂಕ್ ಬಚ್ಚಲಲ್ಲೇ ಇರಲಿ ಅಂತ ಭಾವ. ಬ್ಯಾಟರಿಯಿಂದ ಅಲ್ಲಿಗೆ 12 ಮೀಟರ್, ಹೋಗಿ ಬರುವ ತಂತಿ ಸೇರಿ 24. ಮನೆ ವೈರಿಂಗಿಗೆ ಹಾಕುವ 2.5 ಚದರ ಮಿಲಿಮೀಟರಿನ ತಂತಿ ಹಾಕಿದರೆ 25 ಆಂಪಿಗೆ 4 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಟ್ಯಾಂಕಿಗೆ ಹೋಗಬೇಕಾದ ಶಾಖದಲ್ಲಿ ಏಳರಲ್ಲಿ ಒಂದು ಪಾಲು ಗೋಡೆಯೊಳಗಿನ ತಂತಿ ಕಾಯಿಸುತ್ತದೆ. 230 ವೋಲ್ಟಿನಲ್ಲಿ ಇದು ಯಾರಿಗೂ ಗೊತ್ತೇ ಆಗುವುದಿಲ್ಲ, 24ರಲ್ಲಿ ಜೀವ ತಿನ್ನುತ್ತದೆ. ಅಷ್ಟು ದೂರಕ್ಕೆ ದಪ್ಪ ತಾಮ್ರ ಕೊಳ್ಳುವ ಬದಲು ಟ್ಯಾಂಕನ್ನೇ ಬ್ಯಾಟರಿ ಕೋಣೆಯ ಆಚೆ ಗೋಡೆಗೆ ತಂದೆವು. ತಂತಿ 4 ಮೀಟರಿಗೆ ಇಳಿಯಿತು, 10 ಚದರ ಮಿಲಿಮೀಟರ್ ಹಾಕಿದೆ, ದಾರಿಯಲ್ಲಿ ಹೋಗುವುದು ಅರ್ಧ ವೋಲ್ಟಿಗಿಂತ ಕಡಿಮೆ. ಬಚ್ಚಲಿಗೆ ಕರೆಂಟಿನ ಬದಲು ಬಿಸಿನೀರು ಹೋಗುವಂತೆ ಮಾಡಿ, ಪೈಪಿಗೆ ಫೋಮ್ ಸುತ್ತಿದೆವು. ಟ್ಯಾಂಕಿನ ನೆತ್ತಿಯಿಂದ ಗಾಳಿಕೊಳವೆ ಮಾಡಿನವರೆಗೆ, ಯಾವಾಗಲೂ ತೆರೆದೇ ಇರುವ ಹಾಗೆ. ಅದಕ್ಕೆ ವಾಲ್ವ್ ಹಾಕಬಾರದು, ಯಾವ ಕಾರಣಕ್ಕೂ.

ಮೇ ಕೊನೆಗೆ ಕೆಲಸ ಮುಗಿಯಿತು. ಮಳೆ ಹಿಡಿದು ಹಳ್ಳ ತುಂಬಿದ ಮೂರನೇ ದಿನ ಸಂಜೆ ಟ್ಯಾಂಕು 54 ಡಿಗ್ರಿ ತೋರಿಸಿತು. ರಾತ್ರಿ ಪ್ರಯೋಗಕ್ಕೆ ಎಲಿಮೆಂಟ್ ಬಂದ್ ಮಾಡಿ ಇಟ್ಟೆ, ಬೆಳಗ್ಗೆ 51. ಫೋಮ್ ಚೆನ್ನಾಗಿದೆ ಅಂತಾಯಿತು. ಆಯಿ ಸ್ನಾನ ಮುಗಿಸಿ ಬಂದು, "ಹೊಗೆ ಇಲ್ಲದೆ ಮಿಂದಿದ್ದು ಇದೇ ಮೊದಲು ತಮಾ" ಅಂದರು. ನಾನು ಆಚೆ ಹೋಗಿ ಕಣ್ಣು ಒರೆಸಿಕೊಂಡೆ.

ಆದರೆ ಜುಲೈಯಲ್ಲಿ ಒಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಈ ಪ್ರಕರಣ ಬರೆಯಲು ಮುಖ್ಯ ಕಾರಣವೇ ಅದು.

ಎಲ್ಲರೂ ಎರಡು ದಿನ ಸಿದ್ದಾಪುರದ ನೆಂಟರ ಮನೆಗೆ ಹೋಗಿದ್ದರು. ಕೊಟ್ಟಿಗೆ ನೋಡಿಕೊಳ್ಳುವ ಹುಡುಗ ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿ ಹೋಗಿ ನನಗೆ ಫೋನ್ ಮಾಡಿದ. ಟ್ಯಾಂಕಿನೊಳಗೆ ಗುಳುಗುಳು ಶಬ್ದ, ಮಾಡಿನ ಕೊಳವೆಯಲ್ಲಿ ಹಬೆ. "ಹತ್ರ ಹೋಗ್ಬೇಡ, ನಲ್ಲಿ ಬಿಡ್ಬೇಡ. ಟರ್ಬೈನ್ ವಾಲ್ವ್ ನಿಧಾನಕ್ಕೆ ಮುಚ್ಚು, ಒಂದೇ ಸಲ ತಿರುಗಿಸಿದರೆ ಪೈಪು ಒಡೀತದೆ" ಅಂದೆ. ಅವನು ಹಾಗೇ ಮಾಡಿದ. ಕೊಳವೆ ತೆರೆದಿದ್ದಕ್ಕೆ ಟ್ಯಾಂಕ್ ಉಳಿಯಿತು. ಮುಚ್ಚಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಳ್ಳಲೂ ಭಯ.

ಸಂಜೆ ಹೋಗಿ, ನೀರು ಸಾಕಷ್ಟು ಬಿಸಿಯಾದಾಗ ಎಲಿಮೆಂಟ್ ನಿಲ್ಲಿಸಬೇಕಿದ್ದ ಥರ್ಮೋಸ್ಟಾಟ್ ಬಿಚ್ಚಿದೆ. ಹಳೆ ಗೀಸರಿನಿಂದ ತೆಗೆದು ಹಾಕಿದ್ದು ಅದು, ಮೇಲೆ 16 ಆಂಪ್, 250 ವೋಲ್ಟ್ ಎ.ಸಿ. ಅಂತ ಬರೆದಿತ್ತು. ಒಳಗೆ ಎರಡು ಪುಟ್ಟ ಬೆಳ್ಳಿಬಣ್ಣದ ಗುಂಡಿಗಳು ಮುಟ್ಟಿ ಬಿಡಬೇಕು. ಅವು ಒಂದಕ್ಕೊಂದು ಕರಗಿ ಅಂಟಿದ್ದವು. ಪಾಕ ಗಟ್ಟಿಯಾದಾಗ ಚಮಚದ ತುದಿಯಲ್ಲಿ ನಿಲ್ಲುವ ಹನಿಯ ಹಾಗೆ ಮಧ್ಯದಲ್ಲಿ ಒಂದು ಉಬ್ಬು. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸ್ಕ್ರೂಡ್ರೈವರಿನಿಂದ ಮೀಟಿದರೂ ಬಿಡಲಿಲ್ಲ.

ಮನೆಗಳಿಗೆ ಲೈನಿನಲ್ಲಿ ಬರುವ ಎ.ಸಿ. ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಸ್ವಿಚ್ಚು ಬಿಡುವಾಗ ಕಿಡಿ ಹೊತ್ತಿದರೂ ಮುಂದಿನ ಸೊನ್ನೆಗೆ ತಾನೇ ಆರುತ್ತದೆ. ಬ್ಯಾಟರಿಯಿಂದ ಬರುವ ಡಿ.ಸಿ.ಗೆ ಆ ಸೊನ್ನೆ ಇಲ್ಲ. ಕಿಡಿ ಎಳೆದುಕೊಂಡು ನಿಲ್ಲುತ್ತದೆ, ಲೋಹ ಕರಗಿಸುತ್ತದೆ. ಬರೀ 24 ವೋಲ್ಟ್, ಮುಟ್ಟಿದರೂ ಏನೂ ಆಗುವುದಿಲ್ಲ ಅಂತ ಜನ ಹಗುರವಾಗಿ ನೋಡುತ್ತಾರೆ. ಶಾಕ್ ಹೊಡೆಯುವುದಿಲ್ಲ ನಿಜ. ಬೆಂಕಿ ಹಚ್ಚುವುದಕ್ಕೆ ವೋಲ್ಟ್ ಬೇಡ, ಆಂಪ್ ಸಾಕು. ಗೀಸರಿನ ಥರ್ಮೋಸ್ಟಾಟ್, ಮನೆಯ ಮಾಮೂಲು ಸ್ವಿಚ್ಚು, ಮಾಮೂಲು ಎಂ.ಸಿ.ಬಿ. ಇವನ್ನು ದಯವಿಟ್ಟು ಬ್ಯಾಟರಿಯ ದೊಡ್ಡ ಕರೆಂಟಿಗೆ ಹಾಕಬೇಡಿ. ನನಗೆ ಇದು ಗೊತ್ತಿತ್ತು. ಮಳೆ ಶುರುವಾಗುವ ಮೊದಲು ಮುಗಿಸುವ ಅವಸರದಲ್ಲಿ, ಸರಿಯಾದದ್ದು ಬರುವವರೆಗೆ ಇರಲಿ ಅಂತ ಹಾಕಿದ್ದೆ.

ಈಗಿನ ವ್ಯವಸ್ಥೆ ಹೀಗಿದೆ. ಥರ್ಮೋಸ್ಟಾಟ್ ಮೂಲಕ ಹೋಗುವುದು ರಿಲೇ ಅನ್ನುವ, ಸಣ್ಣ ಕರೆಂಟಿನಿಂದ ದೊಡ್ಡದನ್ನು ನಡೆಸುವ ಸ್ವಿಚ್ಚಿನ ಸುರುಳಿಗೆ ಬೇಕಾದ ಸಣ್ಣ ಕರೆಂಟು ಮಾತ್ರ. ದೊಡ್ಡ ಕರೆಂಟನ್ನು ಡಿ.ಸಿ.ಗೆಂದೇ ಮಾಡಿದ ರಿಲೇ ಹೊರುತ್ತದೆ. ಆ ರಿಲೇ ಕರೆಂಟನ್ನು ಕಡಿಯುವುದಿಲ್ಲ, ಬದಲಾಯಿಸುತ್ತದೆ: ನೀರು 60 ಮುಟ್ಟಿದರೆ ಟ್ಯಾಂಕಿನಿಂದ ಬಿಡಿಸಿ ಹಳೆ ತಗಡಿನ ಡಬ್ಬಿಗೆ ಕೊಡುತ್ತದೆ. ಸುಮ್ನೆ ಕಡಿದುಬಿಟ್ಟರೆ ಟರ್ಬೈನಿಗೆ ಹೊರೆ ಇಲ್ಲದಂತಾಗಿ ಬ್ಯಾಟರಿ ಮೇಲೆ ಬೀಳುತ್ತದೆ, ಅದು ಇನ್ನೊಂದು ಅನಾಹುತ. ಮೊದಲ ರಿಲೇ ಅಂಟಿಕೊಂಡರೆ ಅಂತ 80 ಡಿಗ್ರಿಗೆ ಬೇರೆಯದೇ ಥರ್ಮೋಸ್ಟಾಟ್, ಬೇರೆಯದೇ ರಿಲೇ, ಅದೂ ಡಬ್ಬಿಗೇ ತಿರುಗಿಸುವಂಥದ್ದು. ಎರಡನ್ನೂ ಬೇಕೆಂದೇ ಕೆಡಿಸಿ ಪರೀಕ್ಷೆ ಮಾಡಿ ನೋಡಿದ ಮೇಲೆಯೇ ಟರ್ಬೈನ್ ವಾಲ್ವ್ ಮತ್ತೆ ತೆರೆದೆ.

ಡಿಸೆಂಬರಿಗೆ ಹಳ್ಳ ಅರ್ಧವಾಗುತ್ತದೆ. ಚಳಿ ಜಾಸ್ತಿ, ಬಿಸಿನೀರೂ ಜಾಸ್ತಿ ಬೇಕು, ಟರ್ಬೈನ್ ಮಾತ್ರ 200 ವಾಟ್. ಆದರೆ ಆಗ ಆಕಾಶ ಸ್ವಚ್ಛ, ಪ್ಯಾನೆಲ್ ಚೆನ್ನಾಗಿ ಕೊಡುತ್ತದೆ. ಎರಡೂ ಸೇರಿ ಸಾಕಾಗುತ್ತದೆ. ಫೆಬ್ರವರಿ ನಂತರ ಹಳ್ಳ ಬತ್ತಿದ ಮೇಲೆ ಪ್ಯಾನೆಲ್ ಒಂದೇ. ಅಬ್ಬಿಯ ಬದಲು ಬಾವಿ ನೀರು, ಅದೇ 26 ಡಿಗ್ರಿ ಇರುತ್ತದೆ, ಅಷ್ಟೇನು ಕಾಯಿಸಬೇಕಾಗಿಲ್ಲ. ಪ್ಯಾನೆಲನ್ನು ನೇರ ಎಲಿಮೆಂಟಿಗೆ ಹಾಕಬಹುದಲ್ಲ ಅಂತ ಭಾವ ಕೇಳಿದರು. ಹಾಕಬಹುದು, ಆದರೆ ಬಿಸಿಲು ಅರ್ಧವಾದರೆ ಕರೆಂಟು ಅರ್ಧ, ಎಲಿಮೆಂಟಿನ ರೆಸಿಸ್ಟೆನ್ಸ್ ಬದಲಾಗದ್ದರಿಂದ ವೋಲ್ಟೇಜೂ ಅರ್ಧ, ಸಿಗುವ ಶಾಖ ಕಾಲು ಪಾಲು. ಬ್ಯಾಟರಿ ಮೂಲಕವೇ ಹೋಗಲಿ ಅಂತ ಬಿಟ್ಟೆ: ತಿರುಗಿಸುವ ಕಂಟ್ರೋಲರನ್ನು 28.2 ವೋಲ್ಟಿಗೆ, ಸೋಲಾರ್ ಕಂಟ್ರೋಲರನ್ನು 28.8 ವೋಲ್ಟಿಗೆ ಇಟ್ಟೆ. ಬ್ಯಾಟರಿ ತುಂಬಿದ ಮೇಲಷ್ಟೇ ನೀರಿಗೆ.

ಇದನ್ನು ನೋಡಿ ಕುಮಟೆಯ ಒಬ್ಬ ಸ್ನೇಹಿತರು ತಮಗೂ ಹೀಗೇ ಮಾಡಿಕೊಡಿ ಅಂದರು. ಬೇಡ ಅಂದೆ. ಅವರಿಗೆ ಹಳ್ಳ ಇಲ್ಲ, ಮಾಡಿನ ಮೇಲೆ ಮರ ಇಲ್ಲ, ಬಿಸಿಲು ಧಾರಾಳ. ಬಿಸಿಲಿನಿಂದ ನೀರು ಕಾಯಿಸುವುದಷ್ಟೇ ಗುರಿಯಾದರೆ ಮಾಮೂಲು ಸೋಲಾರ್ ವಾಟರ್ ಹೀಟರೇ ಸರಿ. ಅದು ಬಿದ್ದ ಬಿಸಿಲಲ್ಲಿ ಸುಮಾರು ಅರ್ಧವನ್ನು ಶಾಖ ಮಾಡುತ್ತದೆ, ಪ್ಯಾನೆಲ್ಲು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಕರೆಂಟು ಮಾಡುತ್ತದೆ. ಅಕ್ಕನ ಮನೆಯಲ್ಲಿ ಎಲಿಮೆಂಟ್ ಹಾಕಿದ್ದು ಹೆಚ್ಚಾಗಿ ಹರಿದು ಹೋಗುತ್ತಿದ್ದ ಕರೆಂಟು ಇದ್ದದ್ದಕ್ಕೆ.

ಈಗ ಎರಡು ಮಳೆಗಾಲ ಕಳೆದಿದೆ. ಜೂನಿನಿಂದ ಜನವರಿವರೆಗೆ ಬಚ್ಚಲೊಲೆ ಹೊತ್ತಿದ್ದು ದೀಪಾವಳಿಯ ಬೂರೆ ಹಬ್ಬದ ದಿನ, ಮತ್ತೆ ನೆಂಟರು ತುಂಬಿದ ನಾಲ್ಕಾರು ದಿನ. ಹಬ್ಬಕ್ಕೆ ಹಂಡೆ ತೊಳೆದು ಸಿಂಗರಿಸಿ ನೀರು ತುಂಬುವುದನ್ನು ಆಯಿ ಬಿಡುವವರಲ್ಲ, ಬಿಡಬೇಕಾಗಿಯೂ ಇಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಮಲಗುತ್ತಾರೆ. ಭಾವನಿಗೆ ಬೆಳಗಿನ ಕೆಲಸ ಒಂದೇ: ಪೈಪಿನ ಬಾಯಿಗೆ ಕಟ್ಟಿದ ಜಾಲರಿಯಿಂದ ದರಕು, ಅಂದರೆ ಉದುರಿದ ಎಲೆ, ತೆಗೆಯುವುದು. ಒಂದು ದಿನ ಬಿಟ್ಟರೆ ಸಂಜೆ ನೀರು ಎಂಟು ಹತ್ತು ಡಿಗ್ರಿ ಕಡಿಮೆ.

ಒಂದು ನಷ್ಟವೂ ಆಯಿತು, ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ಮಳೆಗಾಲದಲ್ಲಿ ಬಚ್ಚಲೊಲೆ ಬರೀ ನೀರು ಕಾಯಿಸುತ್ತಿರಲಿಲ್ಲ. ಅದರ ಮೇಲಿನ ಬಿದಿರಿಗೆ ಬಟ್ಟೆ ಒಣಗುತ್ತಿತ್ತು. ಆಯಿ ಅಲ್ಲೇ ಮಣೆ ಹಾಕಿಕೊಂಡು ಕೈಕಾಲು ಕಾಯಿಸಿಕೊಳ್ಳುತ್ತಿದ್ದರು. ಒಲೆ ಆರಿದ ಮೇಲೆ ಮೊದಲ ಮಳೆಗಾಲ ಬಟ್ಟೆಗಳೆಲ್ಲ ಮುಗ್ಗಲು ವಾಸನೆ. ಅಕ್ಕ ಬಹಳ ದಿನ ಹೇಳದೆ ಇದ್ದು, ಕೊನೆಗೆ ಹೇಳಿದಳು.

ಹಳೆ ತಗಡಿನ ಡಬ್ಬಿಯನ್ನು ಹೊರಗೋಡೆಯಿಂದ ಬಿಚ್ಚಿ ಬ್ಯಾಟರಿ ಕೋಣೆಯ ಪಕ್ಕದ ಸಣ್ಣ ಕೋಣೆಗೆ ತಂದೆ. ಅದು ಖಾಲಿ ಗೊಬ್ಬರದ ಚೀಲ ಇಡುತ್ತಿದ್ದ ಜಾಗ. ಚೀಲಗಳನ್ನು ತೆಗೆಸಿ, ನೆಲಕ್ಕೆ ಕಲ್ಲು ಹಾಸಿ, ಡಬ್ಬಿಯ ಸುತ್ತ ಕಬ್ಬಿಣದ ಜಾಲರಿ ಕಟ್ಟಿ, ಐದು ಅಡಿ ಮೇಲೆ ಹಗ್ಗದ ಬದಲು ತಂತಿ ಎಳೆದೆ. ಹಗ್ಗ ಹರಿದು ಬಟ್ಟೆ ಬಿಸಿ ಡಬ್ಬಿ ಮೇಲೆ ಬೀಳಬಾರದು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು 60 ಮುಟ್ಟಿ ರಿಲೇ ಟಕ್ ಅನ್ನುತ್ತದೆ. ಆ ಸದ್ದು ಅಡುಗೆಮನೆಗೆ ಕೇಳುತ್ತದೆ. ಅಕ್ಕ ಬಟ್ಟೆ ಬುಟ್ಟಿ ಹಿಡಿದು ಏಳುತ್ತಾಳೆ, ಹಿಂದೆ ಆಯಿ ಮಣೆ ಹಿಡಿದು ಹೊರಡುತ್ತಾರೆ.